ಡೆಕಾಥ್ಲಾನ್ ನಂಬಿ ಮಗನನ್ನು ಕಳುಹಿಸಬಹುದೇ?

ಪ್ರಶ್ನೆ: ನಾಪೋಕ್ಲು ಸಮೀಪ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಮಗನಿಗೆ ಈಗ 16 ವರ್ಷ. 100 ಮೀಟರನ್ನು 11.6 ಸೆಕೆಂಡಿನಲ್ಲಿ ಓಡುತ್ತಾನೆ, ಉದ್ದ ಜಿಗಿತದಲ್ಲಿ 6.40 ಮೀಟರ್, ಎತ್ತರ ಜಿಗಿತದಲ್ಲಿ 1.80 ಮೀಟರ್ ಮಾಡಿದ್ದಾನೆ, 1500 ಮೀಟರಿಗೆ 4 ನಿಮಿಷ 45 ಸೆಕೆಂಡ್ ತೆಗೆದುಕೊಳ್ಳುತ್ತಾನೆ. ಶಾಲೆಯ ಹಾಕಿ ತಂಡದಲ್ಲೂ ಇದ್ದಾನೆ. ದೈಹಿಕ ಶಿಕ್ಷಕರು ಹತ್ತು ಸ್ಪರ್ಧೆಗಳ ಡೆಕಾಥ್ಲಾನ್‌ಗೆ ಸೇರಿಸಿ ಎನ್ನುತ್ತಾರೆ. ಹಾಕಿ ಬಿಡಿಸಲು ಅವನ ಅಪ್ಪನಿಗೆ ಮನಸ್ಸಿಲ್ಲ. ಅಂತಾರಾಷ್ಟ್ರೀಯ ಮಟ್ಟದ ಡೆಕಾಥ್ಲಾನ್ ಕ್ರೀಡಾಪಟುವಿನ ಬದುಕು ಹೇಗಿರುತ್ತದೆ, ಅದಕ್ಕೆ ಎಷ್ಟು ವರ್ಷ ಹಿಡಿಯುತ್ತದೆ, ಕೊನೆಗೆ ಕೈಗೆ ಏನು ಸಿಗುತ್ತದೆ, ಕೊಡಗಿನಲ್ಲೇ ಇದ್ದು ಇದನ್ನು ಮಾಡಲು ಆಗುತ್ತದೆಯೇ?

ಉತ್ತರ: ಕಳುಹಿಸಬಹುದು. ಆದರೆ ಈ ವರ್ಷವೇ ಹಾಕಿ ಬಿಡಿಸಿ, ಈ ವರ್ಷವೇ ಊರು ಬಿಡಿಸಿ ಕಳುಹಿಸಬೇಕಾಗಿಲ್ಲ. ಡೆಕಾಥ್ಲಾನ್ ಎಂಬುದು ಹತ್ತು ವರ್ಷಗಳ ಕೆಲಸ. ಕಾಳುಮೆಣಸಿನ ಬಳ್ಳಿ ನೆಟ್ಟವರಿಗೆ ಕಾಯುವುದನ್ನು ನಾನು ಹೇಳಿಕೊಡಬೇಕಾಗಿಲ್ಲವಾದರೂ, ಇಲ್ಲಿ ಕಾಯುವ ಅವಧಿ ಅದಕ್ಕಿಂತ ಉದ್ದವಾಗಿದ್ದು, ಫಸಲು ಬರುತ್ತದೆ ಎಂಬ ಖಾತ್ರಿ ಕಡಿಮೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಡೆಕಾಥ್ಲಾನ್ ಎರಡು ದಿನ ನಡೆಯುತ್ತದೆ. ಮೊದಲ ದಿನ 100 ಮೀಟರ್ ಓಟ, ಉದ್ದ ಜಿಗಿತ, ಗುಂಡು ಎಸೆತ, ಎತ್ತರ ಜಿಗಿತ ಮತ್ತು 400 ಮೀಟರ್ ಓಟ. ಎರಡನೆಯ ದಿನ 110 ಮೀಟರ್ ಹರ್ಡಲ್ಸ್, ಡಿಸ್ಕಸ್ (ಚಕ್ರ ಎಸೆತ), ಪೋಲ್‌ವಾಲ್ಟ್ (ಕೋಲು ಊರಿ ಎತ್ತರಕ್ಕೆ ಹಾರುವುದು), ಜಾವೆಲಿನ್ ಮತ್ತು 1500 ಮೀಟರ್ ಓಟ. ಇದರಲ್ಲಿ ಮೊದಲು ಬಂದವನು, ಎರಡನೆಯವನು ಎಂಬ ಲೆಕ್ಕಕ್ಕೆ ಅಂಕವಿಲ್ಲ. ಓಡಿದ ಕಾಲ, ಹಾರಿದ ಎತ್ತರ ಅಥವಾ ಎಸೆದ ದೂರವನ್ನು 1985ರಿಂದ ಬಳಕೆಯಲ್ಲಿರುವ ಅಂಕಪಟ್ಟಿಗೆ ಹಿಡಿದು ನೋಡುತ್ತಾರೆ. ಆ ಪಟ್ಟಿಯ ಪ್ರಕಾರ ನಿಮ್ಮ ಮಗನ 100 ಮೀಟರ್ ಓಟಕ್ಕೆ 732, ಉದ್ದ ಜಿಗಿತಕ್ಕೆ 675, ಎತ್ತರ ಜಿಗಿತಕ್ಕೆ 627, 1500 ಮೀಟರಿಗೆ 649 ಅಂಕ ಬರುತ್ತವೆ. ನಾಲ್ಕೂ ಸೇರಿ 2683. ಶಾಲೆಯ ಕೂಟದಲ್ಲಿ ಕೈಯಲ್ಲಿ ಹಿಡಿದ ಗಡಿಯಾರ ಒಂದೆರಡು ದಶಾಂಶ ಉದಾರವಾಗಿರುತ್ತದೆ ಎಂಬುದನ್ನು ಕಳೆದರೂ, 16ರ ಹುಡುಗನಿಗೆ ಇದು ಒಳ್ಳೆಯ ಲೆಕ್ಕವೇ. ಶಿಕ್ಷಕರ ಕಣ್ಣು ಸರಿಯಾಗಿದೆ.

ಆದರೆ ಈ ನಾಲ್ಕೂ ಅವನ ಕಾಲುಗಳ ಬಗ್ಗೆ ಹೇಳುತ್ತವೆಯೇ ಹೊರತು ಉಳಿದ ಆರರ ಬಗ್ಗೆ ಏನನ್ನೂ ಹೇಳುವುದಿಲ್ಲ. ನನ್ನ ಅನುಭವದಲ್ಲಿ ನಮ್ಮ ದೇಶದ ಡೆಕಾಥ್ಲಾನ್ ಹುಡುಗರು ಸೋಲುವುದು ಆ ಆರರಲ್ಲಿ, ಅದರಲ್ಲೂ ಪೋಲ್‌ವಾಲ್ಟ್‌ನಲ್ಲಿ.

ಇದಕ್ಕೆ ಒಂದು ಒಳ್ಳೆಯ ಉದಾಹರಣೆ ನಮ್ಮ ಕಣ್ಣೆದುರೇ ಇದೆ. 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ತೇಜಸ್ವಿನ್ ಶಂಕರ್ 7666 ಅಂಕ ಗಳಿಸಿ ಬೆಳ್ಳಿ ಪದಕ ಪಡೆದರು. ಅದುವರೆಗೆ ಭಾರತದ ದಾಖಲೆ 2011ರಲ್ಲಿ ಭರತಿಂದರ್ ಸಿಂಗ್ ಮಾಡಿದ್ದ 7658 ಆಗಿತ್ತು. ತೇಜಸ್ವಿನ್ ಮೂಲತಃ ಎತ್ತರ ಜಿಗಿತದವರು, 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಅದರಲ್ಲೇ ಕಂಚು ಗೆದ್ದವರು. ಹಾಂಗ್‌ಝೌನಲ್ಲಿ ಅವರ ಎರಡು ದಿನಗಳನ್ನು ಬಿಡಿಸಿ ನೋಡಿ. ಮೊದಲ ದಿನ 4260 ಅಂಕ, ಅದರಲ್ಲಿ 2.21 ಮೀಟರ್ ಎತ್ತರ ಜಿಗಿತವೊಂದೇ 1002 ಅಂಕ ತಂದಿತು. ಎರಡನೆಯ ದಿನ 3406 ಮಾತ್ರ. ಪೋಲ್‌ವಾಲ್ಟ್‌ನಲ್ಲಿ ಅವರು ದಾಟಿದ್ದು 4.10 ಮೀಟರ್, ಅದಕ್ಕೆ 645 ಅಂಕ. ಚಿನ್ನ ಗೆದ್ದ ಚೀನಾದ ಸುನ್ ಕಿಹಾವೊ ಗಳಿಸಿದ್ದು 7816, ಅಂದರೆ 150 ಅಂಕಗಳ ಅಂತರ. ಪೋಲ್‌ವಾಲ್ಟ್‌ನಲ್ಲಿ 4.70 ಮೀಟರಿಗೆ 819 ಅಂಕ. ಉಳಿದ ಒಂಬತ್ತು ಸ್ಪರ್ಧೆಗಳನ್ನು ಮುಟ್ಟದೆ, ಕೋಲಿನ ಮೇಲೆ ಅರವತ್ತು ಸೆಂಟಿಮೀಟರ್ ಹೆಚ್ಚು ಏರಿದ್ದರೆ ಬಣ್ಣ ಬದಲಾಗುತ್ತಿತ್ತು. ಇದನ್ನು ಅವರ ಕೊರತೆ ಎಂದು ಹೇಳುತ್ತಿಲ್ಲ. ಎತ್ತರ ಜಿಗಿತದಿಂದ ಬಂದು ಪೋಲ್‌ವಾಲ್ಟ್ ಅನ್ನು ತಡವಾಗಿ ಕಲಿತ ಯಾರಿಗಾದರೂ ಇದೇ ಆಗುತ್ತದೆ, ಮತ್ತು ಅವರು ಅಲ್ಲಿಗೇ ನಿಲ್ಲದೆ 2025ರಲ್ಲಿ ಪೋಲೆಂಡಿನಲ್ಲಿ ದಾಖಲೆಯನ್ನು 7826ಕ್ಕೆ ಏರಿಸಿದರು.

ಓಟದಲ್ಲಿ ಇಷ್ಟು ಅಂಕ ಇಷ್ಟು ಸುಲಭವಾಗಿ ಹುಟ್ಟುವುದಿಲ್ಲ. 100 ಮೀಟರನ್ನು 11.00ರಿಂದ 10.90ಕ್ಕೆ ಇಳಿಸಲು ಒಬ್ಬ ಓಟಗಾರ ಎರಡು ವರ್ಷ ಬೆವರು ಸುರಿಸಿದರೆ ಸಿಗುವುದು 22 ಅಂಕ. ಪೋಲ್‌ವಾಲ್ಟ್‌ನಲ್ಲಿ 3 ಮೀಟರಿನಿಂದ 4 ಮೀಟರಿಗೆ ಹೋದರೆ 260 ಅಂಕ. 1500 ಮೀಟರಿನಲ್ಲಿ 4 ನಿಮಿಷ 40 ಸೆಕೆಂಡನ್ನು 4 ನಿಮಿಷ 30ಕ್ಕೆ ತಂದರೆ 65 ಅಂಕ. ಆದರೆ 1500ಕ್ಕೆಂದು ಹೆಚ್ಚು ಓಡಿ ಮೈ ಕರಗಿಸಿಕೊಂಡವನು ಗುಂಡು ಎಸೆತದಲ್ಲಿ ಒಂದು ಮೀಟರ್ ಕಳೆದುಕೊಂಡರೆ ಸುಮಾರು 60 ಅಂಕ ಅಲ್ಲಿಗೇ ಹೋಗುತ್ತದೆ. ವಿಶ್ವದಾಖಲೆ ಇರುವ ಫ್ರಾನ್ಸಿನ ಕೆವಿನ್ ಮೇಯರ್ 9126 ಅಂಕ ಗಳಿಸಿದ ದಿನ 1500 ಮೀಟರನ್ನು 4 ನಿಮಿಷ 36.11 ಸೆಕೆಂಡಿನಲ್ಲಿ ಓಡಿದರು. ನಿಮ್ಮ ಮಗನ ಕಾಲಕ್ಕೂ ಅದಕ್ಕೂ ಇರುವ ವ್ಯತ್ಯಾಸ ಒಂಬತ್ತೇ ಸೆಕೆಂಡ್. ಆದರೆ ಮೇಯರ್ ಅದೇ ದಿನ ಪೋಲ್‌ವಾಲ್ಟ್‌ನಲ್ಲಿ 5.45 ಮೀಟರ್ ದಾಟಿ, ಜಾವೆಲಿನ್ ಅನ್ನು 71.90 ಮೀಟರ್ ಎಸೆದಿದ್ದರು. ಶ್ರಮ ಎಲ್ಲಿಗೆ ಹೋಗಬೇಕು ಎಂಬುದು ಇದರಲ್ಲೇ ಕಾಣುತ್ತದೆ.

ಮೇಯರ್ ಅವರ ಹೆಸರು ಬಂದಿದ್ದರಿಂದ ಇನ್ನೊಂದು ಮಾತು. ಅವರು ಆ ದಾಖಲೆ ಮಾಡಿದ್ದು 2018ರ ಸೆಪ್ಟೆಂಬರಿನಲ್ಲಿ, ತಾಲಾನ್ಸ್ ಎಂಬ ಊರಿನಲ್ಲಿ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಬರ್ಲಿನ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಉದ್ದ ಜಿಗಿತದ ಮೂರೂ ಪ್ರಯತ್ನಗಳಲ್ಲಿ ಫೌಲ್ ಆಗಿ ಸ್ಪರ್ಧೆಯಿಂದಲೇ ಹೊರಬಿದ್ದಿದ್ದರು. ಡೆಕಾಥ್ಲಾನ್‌ನಲ್ಲಿ ಉದ್ದ ಜಿಗಿತಕ್ಕೂ ಎಸೆತಗಳಿಗೂ ಮೂರೇ ಅವಕಾಶ; ಬಿಡಿ ಸ್ಪರ್ಧೆಯ ಹಾಗೆ ಆರಿಲ್ಲ. ಎತ್ತರ ಜಿಗಿತದಲ್ಲೂ ಪೋಲ್‌ವಾಲ್ಟ್‌ನಲ್ಲೂ ಆರಂಭದ ಎತ್ತರವನ್ನೇ ಮೂರು ಬಾರಿ ಕೆಡವಿದರೆ ಸೊನ್ನೆ.

ಆ ಸೊನ್ನೆ ಏನೆಂದು ನನಗೆ ಗೊತ್ತು. ನಾನು ಸ್ಪರ್ಧಿಸುತ್ತಿದ್ದ ಕಾಲದಲ್ಲಿ ಒಂದು ಕೂಟಕ್ಕೆ ಹೊರಟಾಗ ನಾಲ್ಕು ಮೀಟರಿಗೂ ಉದ್ದದ ಕೋಲನ್ನು ಬಸ್ಸಿನ ಮೇಲೆ ಕಟ್ಟಲು ಒಪ್ಪದೆ ಇಳಿಸಿಬಿಟ್ಟರು. ಅಲ್ಲಿ ಹೋಗಿ ಬೇರೊಬ್ಬರ ಕೋಲು ಬೇಡಿ ಪಡೆದೆ. ಅದು ನನಗಿಂತ ಹತ್ತು ಕಿಲೋ ಭಾರದವನಿಗೆ ಮಾಡಿದ ಕೋಲು. ಮೊದಲ ದಿನದ ಲೆಕ್ಕದಲ್ಲಿ ಮುಂದಿದ್ದೆ. ಆ ಹುರುಪಿನಲ್ಲಿ 3 ಮೀಟರಿನಿಂದ ಆರಂಭಿಸುವ ಬದಲು 3.40 ಕೇಳಿದೆ. ಮೂರು ಬಾರಿಯೂ ಕೋಲು ಬಾಗಲಿಲ್ಲ, ಮೂರು ಬಾರಿಯೂ ನನ್ನನ್ನು ಬಂದ ದಾರಿಗೇ ಹಿಂದಕ್ಕೆ ತಳ್ಳಿತು. 457 ಅಂಕ ಹೋಯಿತು. ಅದಾದ ಮೇಲೂ ಜಾವೆಲಿನ್ ಎಸೆದು 1500 ಮೀಟರ್ ಓಡಲೇಬೇಕಾಗಿತ್ತು, ಏಕೆಂದರೆ ಒಂದು ಸ್ಪರ್ಧೆಗೆ ಇಳಿಯದೆ ಬಿಟ್ಟರೂ ಅಂತಿಮ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಅಂದಿನಿಂದ ನನ್ನ ಬಳಿ ಬರುವ ಹುಡುಗರಿಗೆ ಆರಂಭದ ಎತ್ತರವನ್ನು ನಾನೇ ಬರೆದುಕೊಡುತ್ತೇನೆ. ಅದು ಅವರಿಗೆ ಅವಮಾನ ಅನಿಸುವಷ್ಟು ಕಡಿಮೆ ಇರುತ್ತದೆ.

ಈಗ ವಯಸ್ಸಿನ ವಿಷಯ. ಅಮೆರಿಕದ ಬಾಬ್ ಮಥಾಯಸ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ 17ನೆಯ ವಯಸ್ಸಿಗೇ ಚಿನ್ನ ಗೆದ್ದ ಕತೆಯನ್ನು ಯಾರಾದರೂ ನಿಮ್ಮ ಮಗನಿಗೆ ಹೇಳಿದರೆ, ಅದು ಆ ಕಾಲದ ಮಾತು ಎಂದು ತಿಳಿಸಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 9018 ಅಂಕಗಳೊಂದಿಗೆ ಗೆದ್ದಾಗ ಕೆನಡಾದ ಡೇಮಿಯನ್ ವಾರ್ನರ್‌ಗೆ 31 ವರ್ಷ. 2024ರಲ್ಲಿ ಪ್ಯಾರಿಸ್‌ನಲ್ಲಿ 8796 ಅಂಕ ಗಳಿಸಿ ಗೆದ್ದ ನಾರ್ವೆಯ ಮಾರ್ಕಸ್ ರೂತ್‌ಗೆ 22. ಅದು ಬೇಗ ಎಂದೇ ಲೆಕ್ಕ. ಹೆಚ್ಚಿನವರು 24ರಿಂದ 30ರ ನಡುವೆ ತಮ್ಮ ಅತ್ಯುತ್ತಮ ಅಂಕಕ್ಕೆ ಬರುತ್ತಾರೆ. ಉಪಕರಣಗಳೂ ವಯಸ್ಸಿಗೆ ತಕ್ಕಂತೆ ಏರುತ್ತವೆ: 18ರೊಳಗಿನವರಿಗೆ ಗುಂಡು 5 ಕಿಲೋ, 20ರೊಳಗೆ 6 ಕಿಲೋ, ಆಮೇಲೆ 7.26 ಕಿಲೋ, ಹರ್ಡಲ್ಸ್‌ನ ಎತ್ತರ 91.4 ಸೆಂಟಿಮೀಟರಿನಿಂದ 106.7ಕ್ಕೆ ಹೋಗುತ್ತದೆ. ಹಾಗಾಗಿ ಹುಡುಗ 18ರಲ್ಲಿ ಗಳಿಸಿದ ಅಂಕ 21ರಲ್ಲಿ ಕಡಿಮೆಯಾದರೆ ಮನೆಯವರು ಗಾಬರಿಪಡಬಾರದು. ಎಷ್ಟೋ ಹುಡುಗರು ಸರಿಯಾಗಿ ಇದೇ ಹಂತದಲ್ಲಿ, ಮನೆಯವರ ಗಾಬರಿಗೆ ಹೆದರಿ ಬಿಟ್ಟುಹೋಗಿದ್ದಾರೆ.

ಉದ್ದದ ಬಾಳಿಕೆಗೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಕೊಡಗಿನವರಾದ ಪ್ರಮೀಳಾ ಅಯ್ಯಪ್ಪ ಮಹಿಳೆಯರ ಏಳು ಸ್ಪರ್ಧೆಗಳ ಹೆಪ್ಟಾಥ್ಲಾನ್‌ನಲ್ಲಿ 2000ದ ಸಿಡ್ನಿ ಒಲಿಂಪಿಕ್ಸ್‌ಗೂ ಹೋದರು, 2008ರ ಬೀಜಿಂಗ್‌ಗೂ ಹೋದರು; ಆದರೆ ಏಷ್ಯನ್ ಕ್ರೀಡಾಕೂಟದ ಕಂಚು ಸಿಕ್ಕಿದ್ದು 2010ರಲ್ಲಿ, ಗುವಾಂಗ್‌ಝೌನಲ್ಲಿ, 33ನೆಯ ವಯಸ್ಸಿಗೆ. ಮೊದಲ ಒಲಿಂಪಿಕ್ಸ್‌ಗೂ ಆ ಪದಕಕ್ಕೂ ನಡುವೆ ಹತ್ತು ವರ್ಷ. ನೀವು ಕೇಳಿದ ‘ಎಷ್ಟು ವರ್ಷ’ ಎಂಬುದಕ್ಕೆ ಇದಕ್ಕಿಂತ ನೇರ ಉತ್ತರ ನನ್ನಲ್ಲಿಲ್ಲ.

ಮಟ್ಟ ಎಷ್ಟಿರಬೇಕು ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಒಲಿಂಪಿಕ್ಸ್ ಡೆಕಾಥ್ಲಾನ್‌ಗೆ ಇಡೀ ಪ್ರಪಂಚದಿಂದ 24 ಮಂದಿಗೆ ಮಾತ್ರ ಅವಕಾಶ. ಪ್ಯಾರಿಸ್‌ಗೆ ನೇರ ಅರ್ಹತೆಗೆ ನಿಗದಿಯಾಗಿದ್ದ ಗೆರೆ 8460 ಅಂಕ. ಮೇಲೆ ಹೇಳಿದ 7826ಕ್ಕೂ ಅದಕ್ಕೂ 600ಕ್ಕಿಂತ ಹೆಚ್ಚು ಅಂತರವಿದೆ. ಆದರೆ ಏಷ್ಯಾ ಮಟ್ಟದಲ್ಲಿ ಭಾರತಕ್ಕೆ ಹಳೆಯ ಹೆಸರಿದೆ: 1962ರಲ್ಲಿ ಜಕಾರ್ತದಲ್ಲಿ ಗುರ್ಬಚನ್ ಸಿಂಗ್ ರಾಂಧವಾ, 1974ರಲ್ಲಿ ಟೆಹರಾನ್‌ನಲ್ಲಿ ವಿಜಯ್ ಸಿಂಗ್ ಚೌಹಾಣ್ ಡೆಕಾಥ್ಲಾನ್ ಚಿನ್ನ ಗೆದ್ದಿದ್ದಾರೆ. ರಾಂಧವಾ ಅವರದು ನಿಮಗೆ ಇನ್ನೊಂದು ಕಾರಣಕ್ಕೆ ಮುಖ್ಯ. ಡೆಕಾಥ್ಲಾನ್‌ನ ಚಿನ್ನ ಗೆದ್ದ ಅವರು ಎರಡು ವರ್ಷಗಳ ನಂತರ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 110 ಮೀಟರ್ ಹರ್ಡಲ್ಸ್‌ನ ಫೈನಲ್ ತಲುಪಿ ಐದನೆಯವರಾದರು. ಹತ್ತನ್ನೂ ಕಲಿತವನಿಗೆ ತನ್ನ ನಿಜವಾದ ಸ್ಪರ್ಧೆ ಯಾವುದೆಂದು ತಿಳಿಯುತ್ತದೆ. ನಿಮ್ಮ ಮಗ ಮೂರು ವರ್ಷ ಡೆಕಾಥ್ಲಾನ್ ಮಾಡಿ ಕೊನೆಗೆ ಹರ್ಡಲ್ಸ್‌ಗೋ ಉದ್ದ ಜಿಗಿತಕ್ಕೋ ನೆಲೆಯಾದರೆ ಆ ಮೂರು ವರ್ಷ ದಂಡವಾಗುವುದಿಲ್ಲ.

ಹಾಕಿಯ ಬಗ್ಗೆ ಅವನ ಅಪ್ಪನ ಮಾತಿನಲ್ಲಿ ಅರ್ಧ ಸತ್ಯವಿದೆ. ಮತ್ತೆ ಮತ್ತೆ ಚುರುಕಾಗಿ ಓಡಿ ನಿಲ್ಲುವ ಆಟ ಅದು. 400 ಮತ್ತು 1500 ಮೀಟರಿಗೆ ಬೇಕಾದ ಉಸಿರನ್ನು ಅವನಿಗೆ ಕೊಟ್ಟಿರುವುದೇ ಹಾಕಿ ಎಂದು ನನ್ನ ಊಹೆ. ಇನ್ನೊಂದು ವರ್ಷ ಆಡಲಿ. ತೊಂದರೆ ಇರುವುದು ಬೇರೆ ಕಡೆ: ಹಾಕಿಯಲ್ಲಿ ಸೊಂಟ ಗಂಟೆಗಟ್ಟಲೆ ಮುಂದಕ್ಕೆ ಬಾಗಿರುತ್ತದೆ, ಜಾವೆಲಿನ್ ಮತ್ತು ಪೋಲ್‌ವಾಲ್ಟ್‌ನಲ್ಲಿ ಅದೇ ಸೊಂಟ ಹಿಂದಕ್ಕೆ ಬಿಲ್ಲಿನಂತೆ ಬಾಗಬೇಕು. ಬೆಳೆಯುವ ವಯಸ್ಸಿನಲ್ಲಿ ಎರಡನ್ನೂ ಒಂದೇ ವಾರದಲ್ಲಿ ಹೆಚ್ಚು ಮಾಡಿದರೆ ಬೆನ್ನುಮೂಳೆಯ ಕೆಳಭಾಗದಲ್ಲಿ ಒತ್ತಡದ ಬಿರುಕು ಬೀಳಬಹುದು. ಬೆನ್ನು ನೋವೆಂದು ಅವನು ಎರಡು ವಾರಕ್ಕಿಂತ ಹೆಚ್ಚು ಹೇಳಿದರೆ ಎಣ್ಣೆ ತಿಕ್ಕಿ ಕಳುಹಿಸಬೇಡಿ, ಮೂಳೆ ವೈದ್ಯರಿಗೆ ತೋರಿಸಿ. ಇನ್ನು ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಕುಟುಂಬಗಳ ಹಾಕಿ ಹಬ್ಬ ನಡೆಯುವ ಹೊತ್ತಿಗೇ ಅಥ್ಲೆಟಿಕ್ಸ್‌ನ ದೊಡ್ಡ ಕೂಟಗಳೂ ಬರುತ್ತವೆ. ಒಕ್ಕದ (ಮನೆತನದ) ತಂಡಕ್ಕೆ ಅವನು ಆಡದಿದ್ದರೆ ನೆಂಟರ ಮುಂದೆ ಉತ್ತರ ಹೇಳಬೇಕಾದವರು ನೀವೇ, ಆದ್ದರಿಂದ ಅದನ್ನು 17 ತುಂಬುವ ವೇಳೆಗೆ ಮನೆಯಲ್ಲಿ ಕೂತು ತೀರ್ಮಾನಿಸಿಕೊಳ್ಳಿ.

ಕೊಡಗಿನಲ್ಲೇ ಇದ್ದು ಎಷ್ಟು ಆಗುತ್ತದೆ? ಮೊದಲ ಎರಡು ವರ್ಷದ ಕೆಲಸದಲ್ಲಿ ಬಹುಪಾಲು ಆಗುತ್ತದೆ. ನಮ್ಮ ಏರುದಾರಿಗಳು ವೇಗದ ಓಟಕ್ಕೆ ಬೇಕಾದ ಶಕ್ತಿಯನ್ನು ಪುಕ್ಕಟೆ ಕೊಡುತ್ತವೆ. ಅರವತ್ತು ಮೀಟರಿನಷ್ಟು ಸಣ್ಣ ಏರು ಸಾಕು, ಇಳಿಯುವಾಗ ನಡೆದೇ ಇಳಿಯಬೇಕು. ಗುಂಡು ಎಸೆತಕ್ಕೆ ನಿಮ್ಮ ಕಾಫಿ ಕಣವನ್ನೇ ಬಳಸಿ. ಸಿಮೆಂಟಿನ ಕಣದ ಅಂಚಿನಲ್ಲಿ ಸೀಮೆಸುಣ್ಣದಿಂದ 2.135 ಮೀಟರ್ ಅಡ್ಡಳತೆಯ ವೃತ್ತ ಎಳೆದು, ಗುಂಡಿಲ್ಲದೆ ಬರಿಗೈಯಲ್ಲಿ ಕಾಲಿನ ಜಾರುನಡೆಯನ್ನು ದಿನಕ್ಕೆ ಮೂವತ್ತು ಬಾರಿ ಮಾಡಲಿ; ಅದರ ಪಕ್ಕದಲ್ಲೇ 2.50 ಮೀಟರಿನ ಇನ್ನೊಂದು ವೃತ್ತ ಡಿಸ್ಕಸ್‌ನ ತಿರುಗುವಿಕೆಗೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಣದಲ್ಲಿ ಕಾಫಿ ಹರಡಿರುತ್ತದೆ, ಆಗ ಕುಯ್ಲು ಮುಗಿದ ಗದ್ದೆ ಸಿಗುತ್ತದೆ. ಜೂನ್ ಬಂದ ಮೇಲೆ ಕಣದ ಮೇಲೆ ಪಾಚಿ ಕಟ್ಟುವುದರಿಂದ ತಿಕ್ಕಿ ತೊಳೆಯದೆ ಅವನನ್ನು ಅಲ್ಲಿ ತಿರುಗಲು ಬಿಡಬೇಡಿ. ನನ್ನ ಒಬ್ಬ ಹುಡುಗ ಹಾಗೆ ಜಾರಿ ಮಣಿಕಟ್ಟು ಮುರಿದುಕೊಂಡು ಒಂದು ಇಡೀ ವರ್ಷ ಕಳೆದುಕೊಂಡ. ಕಕ್ಕಡದ (ಜುಲೈ, ಆಗಸ್ಟ್ ಹೊತ್ತಿನ) ಮಳೆಯಲ್ಲಿ ಮೈದಾನದ ಆಸೆ ಬಿಟ್ಟು, ಜಗಲಿಯಲ್ಲಿ ಹಗ್ಗ ಹತ್ತುವುದು, ಗೋಡೆಗೆ ಕಾಲು ಚಾಚಿ ತಲೆಕೆಳಗಾಗಿ ನಿಲ್ಲುವುದು, ಕಂಬಕ್ಕೆ ಜೋತು ಮೊಣಕಾಲು ಎದೆಗೆ ತರುವುದು ಇಂಥ ವ್ಯಾಯಾಮ ಮಾಡಲಿ. ಪೋಲ್‌ವಾಲ್ಟ್‌ಗೆ ಬೇಕಾದ ಭುಜವೂ ಹೊಟ್ಟೆಯ ಬಲವೂ ಬರುವುದು ಅಲ್ಲಿಂದಲೇ.

ಆಗದೇ ಇರುವುದು ಪೋಲ್‌ವಾಲ್ಟ್ ಮತ್ತು ಹರ್ಡಲ್ಸ್. ಸರಿಯಾದ ದಪ್ಪದ ಹಾಸು, ಕೋಲು ಊರುವ ಪೆಟ್ಟಿಗೆ, ಪಕ್ಕದಲ್ಲಿ ನಿಂತು ನೋಡುವ ತರಬೇತುದಾರ ಇಲ್ಲದೆ ಎತ್ತರಕ್ಕೆ ಏರುವುದು ಅಪಾಯ. ಹಳೆಯ ಕಾಲದಲ್ಲಿ ಬಿದಿರಿನ ಕೋಲಿನಲ್ಲೇ ದಾಖಲೆಗಳಾಗಿವೆ ಎಂಬುದು ನಿಜ. ಹಾಗೆಂದು ಹಿತ್ತಲ ಬಿದಿರು ಕಡಿದು ಕೊಡಬೇಡಿ, ಅದು ಸೀಳಿದರೆ ಅಂಗೈಯನ್ನೂ ಸೀಳುತ್ತದೆ. ಇದಕ್ಕಾಗಿ ರಜೆಗಳಲ್ಲಿ ಎರಡೆರಡು ವಾರ ಬೆಂಗಳೂರಿಗೆ ಹೋಗಿ ಕಲಿತುಬರುವುದು, ದ್ವಿತೀಯ ಪಿಯುಸಿ ಮುಗಿದ ಮೇಲೆ ಅಲ್ಲೇ ಕಾಲೇಜಿಗೆ ಸೇರಿ ಕಂಠೀರವ ಕ್ರೀಡಾಂಗಣದಂಥ ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ದಿನನಿತ್ಯದ ಅಭ್ಯಾಸಕ್ಕೆ ಇಳಿಯುವುದು ಸರಿಯಾದ ಕ್ರಮ ಎಂದು ನನ್ನ ಅಭಿಪ್ರಾಯ. ಕ್ರೀಡಾ ಇಲಾಖೆಯ ಶಾಲೆ ಕೂಡಿಗೆಯಲ್ಲಿದೆ; ಅಲ್ಲಿಗೊಮ್ಮೆ ಕರೆದುಕೊಂಡು ಹೋಗಿ ತರಬೇತುದಾರರಿಗೆ ಅವನ ಓಟವನ್ನು ತೋರಿಸಿ.

ಅಂತಾರಾಷ್ಟ್ರೀಯ ಮಟ್ಟ ಮುಟ್ಟಿದವನ ವರ್ಷ ಹೊರಗಿನಿಂದ ನೋಡಿದರೆ ಖಾಲಿ ಕಾಣುತ್ತದೆ. ಪೂರ್ತಿ ಡೆಕಾಥ್ಲಾನ್ ವರ್ಷಕ್ಕೆ ಮೂರು, ಹೆಚ್ಚೆಂದರೆ ನಾಲ್ಕು. ಅದಕ್ಕಿಂತ ಹೆಚ್ಚನ್ನು ದೇಹ ತಡೆಯುವುದಿಲ್ಲ. ಆಸ್ಟ್ರಿಯಾದ ಗೋಟ್ಜಿಸ್ ಎಂಬ ಸಣ್ಣ ಊರಿನಲ್ಲಿ ಪ್ರತಿ ವರ್ಷ ಬೇಸಿಗೆಯ ಆರಂಭದಲ್ಲಿ ನಡೆಯುವ ಕೂಟ ಈ ವರ್ಗದ ಜಾತ್ರೆಯಿದ್ದಂತೆ. 2001ರಲ್ಲಿ ಚೆಕ್ ದೇಶದ ರೋಮನ್ ಶೆಬ್ರ್ಲೆ ಮೊದಲ ಬಾರಿಗೆ 9000 ದಾಟಿದ್ದು ಅಲ್ಲಿಯೇ. ಉಳಿದ ತಿಂಗಳುಗಳೆಲ್ಲ ದಿನಕ್ಕೆ ಎರಡು ಹೊತ್ತಿನ ಅಭ್ಯಾಸ, ತೂಕದ ಕೋಣೆ, ಫಿಸಿಯೊ, ನಿದ್ದೆ. ತೊಡೆಯ ಹಿಂಭಾಗದ ಸ್ನಾಯು, ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು, ಎಸೆಯುವ ಕೈಯ ಮೊಣಕೈ ಇವುಗಳಲ್ಲಿ ಒಂದಾದರೂ ಯಾವಾಗಲೂ ನೋಯುತ್ತಿರುತ್ತದೆ. ರಾಷ್ಟ್ರೀಯ ಮಟ್ಟಕ್ಕೆ ಬಂದೊಡನೆ ಉದ್ದೀಪನ ಮದ್ದು ಪರೀಕ್ಷೆಯ ಕಟ್ಟಳೆಗಳೂ ಬರುತ್ತವೆ: ದೇಹದೊಳಗೆ ಸಿಕ್ಕಿದ್ದಕ್ಕೆಲ್ಲ ಕ್ರೀಡಾಪಟುವೇ ಹೊಣೆ, ಅಂಗಡಿಯವನು ಕೊಟ್ಟ ಪ್ರೋಟೀನ್ ಪುಡಿ ಎಂಬ ಸಬೂಬು ನಡೆಯುವುದಿಲ್ಲ. ಈಗಿನಿಂದಲೇ ಡಬ್ಬಿಯ ಪುಡಿಗಳನ್ನು ಮನೆಗೆ ತರಬೇಡಿ. ಮೊಟ್ಟೆ, ಮೀನು, ಬೇಳೆ, ಹಾಲು ಸಾಕು.

ಹಣದ ಮಾತಿಗೆ ಹೆಚ್ಚು ಜಾಗ ಬೇಕಾಗಿಲ್ಲ, ಏಕೆಂದರೆ ಹೆಚ್ಚು ಹಣವಿಲ್ಲ. ಇದು ಪ್ರೇಕ್ಷಕರು ತುಂಬುವ ಆಟವಲ್ಲ, ಪ್ರಾಯೋಜಕರು ಬರುವುದು ಪದಕ ಬಂದ ಮೇಲೆ. ನಮ್ಮಲ್ಲಿ ಈ ಹಾದಿಯ ನಿಜವಾದ ಆಧಾರ ಕ್ರೀಡಾ ಕೋಟಾದ ಉದ್ಯೋಗ: ರೈಲ್ವೆ, ಸೇನೆ, ಪೊಲೀಸ್ ಇಲಾಖೆ. ಅದಕ್ಕೆ ರಾಷ್ಟ್ರೀಯ ಕೂಟ ಮತ್ತು ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದ ಪ್ರಮಾಣಪತ್ರಗಳು ಬೇಕಾಗುವುದರಿಂದ, ಓದು ನಿಲ್ಲಿಸಿ ಆಟಕ್ಕೆ ಕಳುಹಿಸುವುದು ಎರಡು ಕಡೆಯಿಂದಲೂ ನಷ್ಟ. ಪದವಿ ಇರಲೇಬೇಕು. ತೇಜಸ್ವಿನ್ ಕೂಡ ಅಮೆರಿಕದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನದ ಮೇಲೆ ಓದುತ್ತಲೇ ಈ ಹಂತಕ್ಕೆ ಬಂದವರು.

ಈ ತಿಂಗಳು ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಶನಿವಾರ ಮತ್ತು ಭಾನುವಾರ, ಶಿಕ್ಷಕರ ಸಮ್ಮುಖದಲ್ಲಿ, ಪೋಲ್‌ವಾಲ್ಟ್ ಮತ್ತು ಹರ್ಡಲ್ಸ್ ಬಿಟ್ಟು ಉಳಿದ ಎಂಟನ್ನೂ ಅದೇ ಕ್ರಮದಲ್ಲಿ ಅವನಿಂದ ಮಾಡಿಸಿ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಕನಿಷ್ಠ ಅರ್ಧ ಗಂಟೆ ಬಿಡಿ. ಅಳತೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಳತೆಗಿಂತ ಹೆಚ್ಚಾಗಿ ನಾನು ತಿಳಿಯಬಯಸುವುದು, ಭಾನುವಾರ ಬೆಳಿಗ್ಗೆ ಕಾಲು ಮರದ ದಿಮ್ಮಿಯಂತೆ ಬಿಗಿದುಕೊಂಡಿರುವಾಗ ಅವನು ತಾನಾಗಿ ಎದ್ದು ಬೂಟು ಕಟ್ಟಿದನೇ, ಅಥವಾ ನೀವು ಎಬ್ಬಿಸಬೇಕಾಯಿತೇ ಎಂಬುದನ್ನು. ಅದನ್ನೂ ಬರೆದು ಕಳುಹಿಸಿ. ಪೋಲ್‌ವಾಲ್ಟ್ ಕೋಲನ್ನು ಮಾತ್ರ ಈಗಲೇ ಕೊಳ್ಳಲು ಹೋಗಬೇಡಿ. ಅದನ್ನು ಹಾರುವವನ ತೂಕ ನೋಡಿ ಆರಿಸಬೇಕು, ನಿಮ್ಮ ಮಗನ ತೂಕ ಇನ್ನೂ ಏರುತ್ತಿರುವ ಕಾಲ ಇದು.